ಭಾಗೀರಥಿಗೆ ಬಿದ್ದ ಶಾಪ

ಇಂಡಿ ಪಟ್ಟಣದ ನಿಂಬೆಕಾಯಿ ದಲಾಲರ ಅಡತಿಯ ಶೆಡ್ಡಿನಲ್ಲಿ ಮಾಬುಬಿ ಕಾಯಿ ಆರಿಸುವುದೇ ಅಪರೂಪ. ಅವಳ ಪಾಲಿನ ರಾಶಿಯನ್ನು ಉಳಿದ ಹೆಂಗಸರೇ ಆರಿಸಿ ಹಾಕುತ್ತಾರೆ. ಅವಳು ಕಾದಂಬರಿ ಓದಿ ಹೇಳಬೇಕು. ಕಲಿತದ್ದು ಏಳನೇ ಇಯತ್ತೆಯವರೆಗಷ್ಟೇ. ಆದರೆ ಓದಲು ಕೂತಳೆಂದರೆ, ಅಬ್ಬಬ್ಬಾ, ಅಳಬೇಕಾದಲ್ಲಿ ಅಳಿಸುತ್ತಾಳೆ, ಬೈಯಬೇಕಾದಲ್ಲಿ ಬೈಸುತ್ತಾಳೆ.

ಈಗ ಓದುತ್ತಿದ್ದುದು ರಟ್ಟು ಹರಿದ ದಪ್ಪನೆಯ ಹಳೇ ಕಾದಂಬರಿ. ಅದರಲ್ಲೊಬ್ಬಳು ಭಾಗೀರಥಿ. ಕೆಟ್ಟವಳಲ್ಲ, ಪುಕ್ಕಲಿ. ಅತ್ತೆಗೆ ಹೆದರಿ ತಪ್ಪು ಮಾಡುತ್ತಾಳೆ, ಆಮೇಲೆ ಒಲೆ ಮುಂದೆ ಕೂತು ಅಳುತ್ತಾಳೆ. "ಪಾಪ, ನಮ್ಮಂಗ ಐತಿ ನೋಡ ಆಕಿ ಬಾಳೇ," ಎಂದು ಶೆಡ್ಡಿನವರೆಲ್ಲ ಮರುಗುತ್ತಿದ್ದರು.

ಅಷ್ಟರಲ್ಲಿ ಗುಲನಾಜಳ ಸಂಬಂಧ ಮುರಿಯಿತು. ಮಾಬುಬಿಯ ಒಬ್ಬಳೇ ಮಗಳು. ಅದೇ ಶೆಡ್ಡಿನಲ್ಲಿ ಅವ್ವನ ಜೊತೆ ಕೂಡುವವಳು. ಸಿಂದಗಿಯ ಗಂಡಿನ ಕಡೆಯವರು ಒಪ್ಪಿ, ನಿಶ್ಚಿತಾರ್ಥಕ್ಕೆ ಸಕ್ಕರೆ ಹಂಚುವ ದಿನವನ್ನೂ ಗೊತ್ತು ಮಾಡಿದ್ದರು. ಹೋಗುವಾಗ ವಾಡಿಕೆಯಂತೆ ಪಕ್ಕದ ಮನೆಯಲ್ಲಿ ವಿಚಾರಿಸಿದರು. ಪಕ್ಕದ ಮನೆಯ ಸಿದ್ದೀಕಾ ಮಾಬುಬಿಯ ಬಾಲ್ಯದ ಗೆಳತಿ, ಶೆಡ್ಡಿನಲ್ಲೂ ಜೊತೆಗಾತಿ. ಹುಡುಗಿಗೆ ಮೂರ್ಛೆ ಬರುತ್ತದೆಂದು ಅವಳು ಬಾಯಿಬಿಟ್ಟಳು.

ಬರುವುದು ನಿಜ. ಬಂದರೇನೀಗ? ಔಷಧ ನಡೆದಿತ್ತು, ವರ್ಷದಿಂದ ಹುಡುಗಿ ಒಮ್ಮೆಯೂ ಬಿದ್ದಿರಲಿಲ್ಲ. ಲಗ್ನವಾದ ಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದು ಮಾಬುಬಿ ತುಟಿ ಹೊಲಿದುಕೊಂಡಿದ್ದಳು. ಒಂದು ಗಳಿಗೆ ನಾಲಗೆ ಬಿಗಿಹಿಡಿಯಲು ಆ ಮನೆಮುರುಕಿಗೆ ಏನು ಧಾಡಿ ಬಂದಿತ್ತು?

ಜಗಳ ತೆಗೆದರೆ ಕಾರಣ ಹೇಳಬೇಕಾಗುತ್ತದೆ, ಮೂರ್ಛೆಯ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಮಾಬುಬಿ ಪುಸ್ತಕ ಹಿಡಿದಳು. ಕಣ್ಣು ಪುಟದ ಮೇಲೆ, ಬಾಯಲ್ಲಿ ತನ್ನದೇ ಮಾತು. ಭಾಗೀರಥಿ ಗೆಳತಿಯ ಮನೆಯಲ್ಲಿ ಉಂಡು, ಅವಳ ಮಗಳ ಮೇಲೆ ಇಲ್ಲದ ರೋಗ ಹೊರಿಸಿ ಲಗ್ನ ಮುರಿದಳು. ಗುಲನಾಜ ತಲೆಯೆತ್ತಿ ಅವ್ವನನ್ನು ನೋಡಿದಳು.

"ಆಕಿ ಬಾಯಾಗ ಮಣ್ಣ ಬೀಳ್ಲಿ!" ಹೆಂಗಸರು ಭುಸುಗುಟ್ಟಿದರು.

ಸಿದ್ದೀಕಾ ತಲೆ ತಗ್ಗಿಸಿದಳು. ಮಾಬುಬಿಯ ಹೊಟ್ಟೆ ತಣ್ಣಗಾಯಿತು. ಆದರೆ ಅಷ್ಟು ಸಾಲಲಿಲ್ಲ. ಮರುದಿನ ಊರೆಲ್ಲ ಭಾಗೀರಥಿಗೆ ಬಾಗಿಲು ಮುಚ್ಚಿತು. ಅದರ ಮರುದಿನ ಅವಳ ಒಬ್ಬನೇ ಮಗ ಜ್ವರ ಬಂದು ಮಲಗಿದ.

"ಸಾಯ್ಲಿ ಬಿಡ್ರಿ! ಆಗ ಗೊತ್ತಾಗ್ತೈತಿ ಆಕಿಗಿ," ಎಂದಳು ಒಬ್ಬಳು.

ಸಿದ್ದೀಕಾ ಕೈಯಲ್ಲಿದ್ದ ಕಾಯಿ ಬಿಟ್ಟು ಎದ್ದಳು. "ಬ್ಯಾಡ ಮಾಬುಬಿ, ಮಗನ ಸುದ್ದಿಗಿ ಬರಬ್ಯಾಡ! ಆ ಸಿಂದಗಿಯವರು ನನ್ನ ಮಗ ಯುನೂಸನ ತಲಿ ಮ್ಯಾಲ ಕೈ ಇಡಿಸಿ ಕೇಳಿದ್ರು. ಸುಳ್ಳ ಹೇಳಾಕ ನನಗ ಧೈರ್ಯ ಆಗ್ಲಿಲ್ಲ. ನನ್ನ ಹೊಡಿ, ಬೈ. ಅವನ್ನ ಸಾಯಿಸಬ್ಯಾಡ!"

ಹೆಂಗಸರೆಲ್ಲ ಸಿದ್ದೀಕಾಳತ್ತ ತಿರುಗಿದರು. ಭಾಗೀರಥಿ ಯಾರೆಂದು ಎಲ್ಲರಿಗೂ ತಿಳಿಯಿತು. ಮಾಬುಬಿ ಕಾಯುತ್ತಿದ್ದ ಗಳಿಗೆಯೇ ಇದು. ಉಗಿಯಲಿ, ಎಲ್ಲರೂ ಇವಳ ಮುಖಕ್ಕೆ ಉಗಿಯಲಿ!

"ಕೇಳಿದ್ರಿಲ್ಲೋ? ಸುಳ್ಳ ಹೇಳಿ ನನ್ನ ಮಗಳ ಬಾಳೇ ಹಾಳ ಮಾಡಿದಾಕಿ ಇಕಿನ!" ಎಂದು ಕೂಗಿದಳು.

"ಸಿದ್ದೀಕಾ ಖಾಲಾ ಸುಳ್ಳ ಹೇಳಿಲ್ಲವ್ವಾ," ಎಂದಳು ಗುಲನಾಜ, ಎಲ್ಲರಿಗೂ ಕೇಳುವಂತೆ. "ನನಗ ಮೂರ್ಛಿ ಬರ್ತೈತಿ. ಅಷ್ಟ ಹೇಳಾಕ ಯಾಕ ನಾಚ್ಕಿ? ನಾನಂದ್ರ ನಾಚ್ಕಿ ಏನ್ ನಿನಗ?"

ಮಾಬುಬಿ ಪುಸ್ತಕ ಮುಚ್ಚಿದಳು. ಗುಲನಾಜ ತನ್ನ ಬುಟ್ಟಿ ಎಳೆದುಕೊಂಡು ಹೋಗಿ ಸಿದ್ದೀಕಾಳ ರಾಶಿಯ ಪಕ್ಕದಲ್ಲಿ ಕೂತಳು.