ಮೂರು ಸೆಲ್ಲಿನ ಬ್ಯಾಟರಿ

ಮೋಟಾರು ಸುಟ್ಟ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಸಾಯೋವರೆಗೂ ಬಿಡುವುದಿಲ್ಲ. ಕರಕಲಾದ ವಾರ್ನಿಶ್ಶು, ಕಾದ ತಾಮ್ರ, ಜೊತೆಗೆ ಸೀದ ಬೆಲ್ಲದಂಥ ಒಂದು ಘಾಟು. ಹಾಸನದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಮೊನ್ನೆ ನೀರೆತ್ತುವ ಮೋಟಾರೊಂದು ಸುಟ್ಟುಹೋಯಿತು. ಜೊತೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು, ನಾನೊಬ್ಬ ಅಲ್ಲೇ ನಿಂತಿದ್ದೆ. ಚನ್ನರಾಯಪಟ್ಟಣದ ನಮ್ಮ ಮನೆಯ ವಾಸನೆಯೇ ಅದು. ಮುಂದಿನ ಕೋಣೆ ಅಪ್ಪನ ವೈಂಡಿಂಗ್ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ತೆಂಗಿನ ತೋಟದವರು ಸುಟ್ಟ ಪಂಪು ಹೊತ್ತು ತರೋರು, ಅಪ್ಪ ಹಳೇ ತಂತಿ ಕಿತ್ತು ಹೊಸದು ಸುತ್ತೋನು. ಅವ್ವ ಮಾಡಿದ ಸೊಪ್ಪಿನ ಸಾರಿಗೂ ಅದೇ ವಾಸನೆ, ನಮ್ಮ ಶಾಲೆ ಪುಸ್ತಕಕ್ಕೂ ಅದೇ ವಾಸನೆ. ಈಗ ಆ ಮನೆಯಿಲ್ಲ, ಅಪ್ಪನೂ ಇಲ್ಲ. ಇದ್ದಿದ್ದರೆ ಎದುರಿಗೆ ನಿಂತು ಬಾಯಿಗೆ ಬಂದಂಗೆ ಬೈಯುತ್ತಿದ್ದೆ. ನಿಮಗೂ ಹೀಗಾಗಿರಬೇಕು, ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು ಹೇಳಿ.

ಅಪ್ಪನ ಕೈ ಬಂದದ್ದು ನನಗಲ್ಲ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ರತ್ನಳಿಗೆ. ಶಾಲೆಯಿಂದ ಬಂದವಳೇ ಅಂಗಡಿಯ ಮೂಲೆಯಲ್ಲಿ ಕೂತು ರಿಮೋಟ್ ದೋಣಿ ಮಾಡೋಳು. ಬೋರ್‌ವೆಲ್ಲಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಬಿಸಿ ಮಾಡಿ ಚಪ್ಪಟೆ ಒತ್ತಿ, ಅದನ್ನೇ ಬಗ್ಗಿಸಿ ದೋಣಿಯ ಒಡಲು ಮಾಡಿಕೊಂಡಿದ್ದಳು. ರಿಮೋಟು ಒಂದು ಮುರಿದ ಆಟದ ಕಾರಿನದು. ಮೋಟಾರು ಆರಿಸುವುದರಲ್ಲಿ ಮಾತ್ರ ಅವಳದು ಹೆಣ್ಣು ನೋಡಲು ಬಂದವರ ಬಿಗುಮಾನ. ಆಟದ ಕಾರಿನ ಮೋಟಾರನ್ನು ಕೈಲಿ ಹಿಡಿದು, "ಇದು ಬರೀ ಕಿರುಚ್ತದೆ ಕಣ್ಲಾ ಶಿವು, ಒಸಿ ಭಾರ ಬಿದ್ರೆ ಕೂತ್ಕತದೆ" ಅಂತ ಎಸೆದಳು. ಕೊನೆಗೆ ಅವಳ ಮನಸ್ಸಿಗೆ ಬಂದದ್ದು ಗೋಡೆ ಕೊರೆಯುವ ಹಳೇ ಬ್ಯಾಟರಿ ಮಶೀನಿನ ಮೋಟಾರು. ಅದಕ್ಕೆ ಎರಡು ಸೆಲ್ಲಿನ ಬ್ಯಾಟರಿ, ಅದಕ್ಕಿಂತ ಒಂದೂ ಜಾಸ್ತಿಯಿಲ್ಲ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ದೋಣಿಯನ್ನು ದಾರದಿಂದ ಗೋಡೆಗೆ ಕಟ್ಟಿ, ಪೂರಾ ಜೋರಿನಲ್ಲಿ ಎರಡು ನಿಮಿಷ ಓಡಿಸಿ, ತಕ್ಷಣ ಮೋಟಾರಿನ ಮೇಲೆ ಬೆರಳಿಡೋಳು. ಹತ್ತು ಎಣಿಸುವವರೆಗೆ ಬೆರಳು ತಡೆದರೆ ಸರಿ. ತಡೆಯದಿದ್ದರೆ ದೋಣಿಯನ್ನು ತಳ್ಳುವ ಫ್ಯಾನು ದೊಡ್ಡದಾಯಿತು ಅಥವಾ ಬ್ಯಾಟರಿ ಹೆಚ್ಚಾಯಿತು ಅಂತ ಲೆಕ್ಕ. ಆ ಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು.

ಹತ್ತನೇ ತರಗತಿ ಮುಗಿದಾಗ ಅಕ್ಕ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತೇನೆ ಅಂದಳು. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಹಂಗೂ ಹಿಂಗೂ ನಾಲ್ಕೈದು ತಿಂಗಳು ಮನೆಯಲ್ಲೇ ಕಳೆಯಿತು. ಆ ಸಲದ ಗಣಪತಿ ಹಬ್ಬಕ್ಕೆ ಕೆರೆಯ ಅಂಚೆಲ್ಲ ಹೂಳು. ಕಾಲಿಟ್ಟರೆ ಮಂಡಿವರೆಗೆ ಹೂತುಕೊಳ್ಳೋದು. ನಮ್ಮ ಬೀದಿಯ ಗಣಪನನ್ನು ಬಿಡುವುದು ಹೇಗೆ ಅಂತ ಜಗಲಿಯ ಮೇಲೆ ಮಾತು ನಡೆದಾಗ ಅಕ್ಕ ಒಳಗಿನಿಂದ ಬಂದು, "ಬಾಳೆದಿಂಡಿನ ತೆಪ್ಪದ ಮ್ಯಾಲೆ ಕೂರ್ಸಿ, ನನ್ ದೋಣೀಲಿ ನಡುಗೆರೆಗೆ ಎಳ್ಕೊಂಡೋಗಿ ಮುಳುಗಿಸ್ತೀನಿ" ಅಂದಳು. ಎಲ್ಲರೂ ನಕ್ಕರು. ಅಪ್ಪನಿಗೆ ಅದೇನು ಹುಕಿ ಬಂತೋ, ಎಲ್ಲರ ಎದುರಿಗೇ ಹೇಳಿಬಿಟ್ಟ: "ಗಣಪ ನಡುಗೆರೆ ಮುಟ್ಲಿ, ಬರೋ ವರ್ಷಾನೇ ಡಿಪ್ಲೊಮಾಕ್ಕೆ ಸೇರಿಸ್ತೀನಿ. ಮುಟ್ಲಿಲ್ವಾ, ಆ ಮಾತೇ ಎತ್ಕೂಡ್ದು."

ಅಕ್ಕ ನಾಲ್ಕು ದಿನ ನಿದ್ದೆಗೆಟ್ಟಳು. ಗಣಪನ ತೂಕದಷ್ಟು ಇಟ್ಟಿಗೆ ಹೇರಿದ ತೆಪ್ಪವನ್ನು ಕೆರೆಯಲ್ಲಿ ಎಳೆಸಿ ನೋಡಿದಳು. ನಿಧಾನ, ಆದರೆ ನಿಲ್ಲದೆ ಹೋಯಿತು. ಬೆರಳೂ ತಡೆಯಿತು. ಹಬ್ಬದ ಬೆಳಿಗ್ಗೆ ಬ್ಯಾಟರಿ ಕೂರಿಸಿ, ಮುಚ್ಚಳಕ್ಕೆ ಗ್ರೀಸು ಮೆತ್ತಿ, ಟೇಪು ಸುತ್ತಿ, ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು. ಆಗ ಅಪ್ಪ ಬಂದ. ತಂತಿ ತರಲು ಬೆಂಗಳೂರಿಗೆ ಹೋದಾಗ ಕೊಂಡು ತಂದಿದ್ದ ಮೂರು ಸೆಲ್ಲಿನ ಬ್ಯಾಟರಿ ಅವನ ಕೈಯಲ್ಲಿತ್ತು. ನೀವು ಇದೊಂದು ತಿಳಿದುಕೊಳ್ಳಬೇಕು. ನಮ್ಮ ಕಡೆ ತೋಟದ ಪಂಪು ಸುಡುವುದು ವೋಲ್ಟೇಜು ಬಿದ್ದಾಗ. ಕರೆಂಟು ಸೊರಗಿದರೆ ಪಂಪು ಮುಕ್ಕರಿಯುತ್ತದೆ, ಕಾಯುತ್ತದೆ, ಸುಡುತ್ತದೆ. ಜೀವಮಾನವಿಡೀ ಅಪ್ಪ ಅದನ್ನೇ ನೋಡಿದ್ದ. ಅವನ ತಲೆಯಲ್ಲಿ ವೋಲ್ಟೇಜು ಜಾಸ್ತಿ ಇದ್ದಷ್ಟೂ ಮೋಟಾರಿಗೆ ಕ್ಷೇಮ. ಈ ಪುಟ್ಟ ದೋಣಿ ಮೋಟಾರಿಗೆ ಅದು ಉಲ್ಟಾ, ಒಂದು ಸೆಲ್ಲು ಜಾಸ್ತಿಯಾದರೆ ವೋಲ್ಟೇಜು ಏರಿಯೇ ಸುಡುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದವಳನ್ನು ಕೇಳಲೂ ಇಲ್ಲ. "ಪಾಪ, ಮಗಳು ಗೆಲ್ಲಲಿ ಕಣ್ಲಾ. ಅವ್ಳಿಗ್ ಏಳ್ಬ್ಯಾಡ" ಅಂದ. ಮುಚ್ಚಳ ಬಿಚ್ಚಿ, ಅಕ್ಕನ ಬ್ಯಾಟರಿ ತೆಗೆದು ತನ್ನದು ಕೂರಿಸಿದ. ಮತ್ತೆ ಸುತ್ತಲು ಟೇಪನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ ಕೊಟ್ಟವನು ನಾನು.

ಕೆರೆ ಏರಿಯ ಮೇಲೆ ಬೀದಿಗೆ ಬೀದಿಯೇ ನೆರೆದಿತ್ತು. ದೋಣಿ ಹೊರಟದ್ದೇ ತಡ, ಗಣಪ ತೇರಿನ ಹಾಗೆ ಸರ್ರಂತ ಮುಂದೆ ಹೋದ. ಜನ ಹೋ ಅಂದರು, ಅಪ್ಪ ಮೀಸೆ ತಿರುವಿದ. ಅಕ್ಕನ ಮುಖ ಮಾತ್ರ ಬಿಳಿಚಿತು. "ಯಾಕಿಷ್ಟ್ ಜೋರು? ಯಾಕಿಷ್ಟ್ ಜೋರು?" ಅನ್ನುತ್ತಾ ರಿಮೋಟನ್ನು ಹಿಂದಕ್ಕೆ ಎಳೆದಳು. ಅಷ್ಟರಲ್ಲಿ ಮುಚ್ಚಳದ ಸಂದಿಯಿಂದ ಬಿಳೀ ಹೊಗೆ ಎದ್ದಿತು. ನಡುಗೆರೆಗೆ ಇನ್ನೂ ಅರ್ಧ ದಾರಿಯಿತ್ತು. ಗಣಪ ಅಲ್ಲೇ ನಿಂತ. ಕೊನೆಗೆ ಯಾರೋ ಇಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಹೂಳಿನಲ್ಲಿ ಇಳಿದು, ಗಣಪನನ್ನು ಮುಳುಗಿಸಿ, ದೋಣಿಯನ್ನು ದಡಕ್ಕೆ ತಂದರು.

"ಏನ್ ಯಜಮಾನ್ರೇ, ಮಗಳು ಮೋಟಾರ್ ಸುಡೋದ್ ಕಲ್ತವ್ಳೆ" ಅಂತ ಪಕ್ಕದ ಅಂಗಡಿಯವರು ನಕ್ಕರು. ಅಪ್ಪ ಒಂದು ಗಳಿಗೆ ನನ್ನ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ಕೊಡವಿ, "ಎಣ್ಮಗ, ಅದ್ಕೇನ್ ಗೊತ್ತಾದದು" ಅಂದ. ಥೂ! ಬ್ಯಾಟರಿ ಬದಲಾಯಿಸಿದ್ದನ್ನು ಬೇಕಾದರೆ ಕ್ಷಮಿಸಿಯೇನು, ಅದು ಪ್ರೀತಿಯಿಂದ ಮಾಡಿದ ದಡ್ಡತನ. ಆ ಮಾತನ್ನು ಹೇಗೆ ಕ್ಷಮಿಸಲಿ? ಅದನ್ನು ಆಡುವಾಗ ಅವನಿಗೆ ಎಲ್ಲಾ ಗೊತ್ತಿತ್ತು. ಡಿಪ್ಲೊಮಾ ಮಾತು ಆವತ್ತಿಗೇ ನಿಂತಿತು. ಮೂರು ವರ್ಷದ ಮೇಲೆ ಆ ಡಿಪ್ಲೊಮಾಕ್ಕೆ ಹೊಳೆನರಸೀಪುರಕ್ಕೆ ಹೋದವನು ನಾನು. ಅದೇ ವರ್ಷ ಅಕ್ಕನನ್ನು ಅರಕಲಗೂಡಿಗೆ ಕೊಟ್ಟರು. ಅಲ್ಲಿಂದೀಚೆಗೆ ಅವಳು ಒಂದು ಮೋಟಾರು ಮುಟ್ಟಿದ್ದನ್ನು ನಾನು ಕಾಣೆ. ಮಿಕ್ಸಿ ಕೆಟ್ಟರೂ ರಿಪೇರಿಯವರನ್ನು ಕರೆಸುತ್ತಾಳೆ.

ಹೋದ ವಾರ ರಸ್ತೆ ಅಗಲ ಮಾಡುವವರು ಮನೆ ಕೆಡವಿದರು. ನೋಡಲು ಇಬ್ಬರೂ ಹೋಗಿದ್ದೆವು. ಮುಂದಿನ ಕೋಣೆ ಇದ್ದ ಜಾಗದಲ್ಲಿ ಇಟ್ಟಿಗೆ ರಾಶಿ, ಬಚ್ಚಲ ಗೋಡೆ ಒಂದು ಮಾತ್ರ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆವತ್ತು ಬ್ಯಾಟ್ರಿ ಬದಲಾಯ್ಸಿದ್ದು ಅಪ್ಪ" ಅಂದುಬಿಟ್ಟೆ.

"ಗೊತ್ತು," ಅಂದಳು. "ಕೆರೆಯಿಂದ ಬಂದೋಳೆ ಬಿಚ್ಚಿ ನೋಡ್ದೆ. ನಾನಿಟ್ಟಿದ್ದು ಎರಡು ಸೆಲ್ಲಿಂದು, ಒಳಗಿದ್ದಿದ್ದು ಮೂರು."

"ಮತ್ಯಾಕ್ ಸುಮ್ಕಿದ್ದೆ?"

"ಮೋಟಾರ್ ಸುಟ್ಟೋನು ಅಪ್ಪಾನೇ ಅಂತ ಊರಿಗೆಲ್ಲ ಸಾರ್ಲಾ? ಅಂಗಡಿ ಮೆಟ್ಲು ಯಾರ್ ಹತ್ತೋರು ಆಮೇಲೆ?" ಅಂದಳು. ಅವಳ ದನಿ ಏರುತ್ತಾ ಹೋಯಿತು. ರಸ್ತೆ ಕೆಲಸದವರು ಸಲಿಕೆ ನಿಲ್ಲಿಸಿ ನೋಡಿದರು. "ಮನೇಲಾದ್ರೂ ಏಳ್ತಾನೆ ಅಂತ ಕಾದೆ. ಅಪ್ಪ ಬಾಯ್ ಬಿಡ್ನಿಲ್ಲ. ಓಗ್ಲಿ, ಅವನು ದೊಡ್ಡೋನು, ಅವನಿಗೆ ಮಾನ. ನೀನು? ಟೇಪಿನ ತುದೀಲಿ ನಿನ್ ಹಲ್ಲಿನ ಗುರುತಿತ್ತು ಕಣೋ. ಇವತ್ ಏಳ್ತೀಯ, ನಾಳೆ ಏಳ್ತೀಯ ಅಂತ ಮೂರು ವರ್ಷ ನಿನ್ ಮುಖ ನೋಡ್ದೆ. ಒಸಾ ಶರಟು ಆಕ್ಕೊಂಡು ಒಳೇನರ್ಸೀಪುರದ್ ಬಸ್ ಅತ್ತಿದ್ಯಲ್ಲ, ಅವತ್ತಿಗ್ ಆ ಆಸೆ ಬಿಟ್ಟೆ."

ಆ ಶರಟಿಗೆ ಇಸ್ತ್ರಿ ಹಾಕಿ ಕೊಟ್ಟವಳೂ ಅವಳೇ.