ಹಗಲು ಹೊತ್ತಿನ ಕತೆ ಮತ್ತು ದಾರಿ ತಪ್ಪಿದ ಸೋದರಮಾವ

ಬಸ್ಸಿನಲ್ಲಿ ನಿದ್ದೆ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ಅದನ್ನು ತಂಗಿಗೆ ಫೋನ್ ಮಾಡಿ ಹೇಳಿದೆನಲ್ಲ, ಅದೇ ಎಡವಟ್ಟು.

ಆಗಿದ್ದಿಷ್ಟು. ಪ್ರತಿ ಭಾನುವಾರ ನಾನು ಸೋಲಾಪುರದ ವಿಜಾಪುರ ರಸ್ತೆಯ ಮನೆಯಿಂದ ಅಕ್ಕಲಕೋಟೆಗೆ ಹೋಗುತ್ತೇನೆ. ಅಲ್ಲಿ ತಂಗಿಯ ಮನೆ. ಅವಳ ಮಗಳು ಶ್ರಾವಣಿ ಆರನೇ ಕ್ಲಾಸು, ಮರಾಠಿ ಮೀಡಿಯಂ. ಕನ್ನಡ ಪಟಪಟ ಮಾತಾಡುತ್ತಾಳೆ, ಓದಲು ಮಾತ್ರ ಬಾರದು. ಹಾಗಾಗಿ ನನ್ನ ಮಕ್ಕಳ ಕಾದಂಬರಿಯನ್ನು (ಅಂಥದ್ದೊಂದು ಅಚ್ಚಾಗಿದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ, ಇರಲಿ) ನಾನೇ ಅವಳಿಗೆ ಓದಿ ಹೇಳುತ್ತಿದ್ದೆ. ಮಧ್ಯಾಹ್ನದ ಊಟವಾದ ಮೇಲೆ, ಪಡಸಾಲೆಯಲ್ಲಿ, ವಾರಕ್ಕೊಂದು ಅಧ್ಯಾಯ.

ಕಾದಂಬರಿ ದೆವ್ವದ್ದು. ಬೀಗ ಬಿದ್ದ ಹಳೇ ಮಿಲ್ಲು. ಒಳಗೆ ಕರೆಂಟಿಲ್ಲ, ಜನರಿಲ್ಲ, ಆದರೂ ಒಂದು ಮಗ್ಗ ನಡೆಯುತ್ತಿರುತ್ತದೆ. ಅದು ನೇಯುವ ಚಾದರದಲ್ಲಿ ಓಣಿಯ ಮಕ್ಕಳ ಮುಖ ಮೂಡುತ್ತದೆ. ಯಾರ ಮುಖ ಪೂರ್ತಿ ಮೂಡಿತೋ ಆ ಮಗು ಮರುದಿನ ಕಾಣೆ! ತಮ್ಮನ ಮುಖ ಅರ್ಧ ಮೂಡಿದ್ದು ಕಂಡ ಭಾಗಿ ಎಂಬ ಹುಡುಗಿ ಕತ್ತರಿ ಹಿಡಿದು ಒಬ್ಬಳೇ ಒಳಗೆ ನುಗ್ಗುತ್ತಾಳೆ. ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಳ್ಳುತ್ತದೆ. ಆ ಭಾನುವಾರ ಸರಿಯಾಗಿ ಅಲ್ಲಿಗೆ ನಿಲ್ಲಿಸಿದ್ದೆ. (ಎಲ್ಲಿ ನಿಲ್ಲಿಸಬೇಕೆಂದು ನಮಗೂ ಸ್ವಲ್ಪ ಗೊತ್ತು.)

ಸಂಜೆ ಹತ್ತಿದ ಬಸ್ಸು ಸೋಲಾಪುರ ದಾಟಿ ಮಂಗಳವೇಢೆಗೆ ಹೋಗುವಂಥದ್ದು. ಹೊಟ್ಟೆಯಲ್ಲಿ ತಂಗಿ ಒತ್ತಾಯ ಮಾಡಿ ಬಡಿಸಿದ ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ಕಿಟಕಿಯಿಂದ ತಣ್ಣನೆ ಗಾಳಿ. ಕಣ್ಣು ಬಿಟ್ಟರೆ ಮಂಗಳವೇಢೆ! ಇನ್ನೊಂದು ಬಸ್ಸು ಹಿಡಿದು ವಾಪಸು ಬಂದು, ನಗುತ್ತಲೇ ಫೋನ್ ಮಾಡಿದೆ. ಆ ಕಡೆ ಯಾರೂ ನಗಲಿಲ್ಲ.

ಫೋನು ತಂಗಿಯ ಅತ್ತೆಯ ಕೈಗೆ ಹೋಯಿತು. ಅವರನ್ನು ನಾವೆಲ್ಲ ಆಯಿ ಎನ್ನುತ್ತೇವೆ.

"ನಾ ಮೊದಲ ಹೇಳಿದ್ದಿಲ್ಲೇನು? ಹಗಲಿ ಕತಿ ಹೇಳಿದ್ರ ಸ್ವಾದರಮಾವ ದಾರಿ ತಪ್ತಾನ ಅಂತ. ಈಗ ಖರೇ ಆತಿಲ್ಲೋ?"

ಈ ನಂಬಿಕೆ ನಿಮ್ಮ ಮನೆಯಲ್ಲೂ ಇದ್ದೀತು. ಮಕ್ಕಳು ಹಗಲು ಕೆಲಸ ಬಿಟ್ಟು ಕತೆಗೆ ಕೂರಬಾರದೆಂದು ಯಾವ ಕಾಲದಲ್ಲೋ ಯಾರೋ ಹೂಡಿದ ಉಪಾಯವಿರಬೇಕು. ಆದರೆ ಬಲಿಪಶು ಸೋದರಮಾವನೇ ಯಾಕೆ? ಚಿಕ್ಕಪ್ಪ ಯಾಕಲ್ಲ?

ತೀರ್ಪು ಬಂತು. ಕತೆ ಬಂದ್. ಪುಸ್ತಕ ಕಪಾಟಿನ ಮೇಲಕ್ಕೆ. ತಂಗಿಯ ಗಂಡನಿಗೂ ಇದೇ ಬೇಕಾಗಿತ್ತು. "ಅಣ್ಣಾ, ಪರೀಕ್ಷಾ ಜವಳ ಬಂದಾವ. ಅಭ್ಯಾಸ ಬಿಟ್ಟು ಭೂತದ ಪುಸ್ತಕ ಯಾಕ? ಉಗೀಚ, ಸುಮ್ಮಸುಮ್ಮನ ಹುಡುಗರು ಅಂಜ್ತಾವ," ಎಂದ.

ಹೋಳಿಗೆಯನ್ನು ಮಾತ್ರ ಯಾರೂ ಬಂದ್ ಮಾಡಲಿಲ್ಲ ನೋಡಿ!

ಹಿರಿಯರ ಜೊತೆ ವಾದ ಯಾಕೆಂದು ಫೋನ್ ಇಟ್ಟೆ. ಮುಂದಿನ ಭಾನುವಾರ ಹೋದಾಗ ಶ್ರಾವಣಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ: "ಭಾಗಿ ಹೊರಗ ಬಂದಳೋ ಇಲ್ಲೋ, ಹೇಳ್ಲೇನು?"

ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟುಬಿಟ್ಟಳು. "ಬ್ಯಾಡ ಮಾಮಾ. ನೀ ಮತ್ತ ತಪ್ಪಿಸ್ಕೊಂಡ್ರ? ನನಗ ಕತಿ ಬ್ಯಾಡ." ಕಣ್ಣಲ್ಲಿ ನೀರು.

ಅವಳ ಕಣ್ಣು ಒರೆಸಿದೆ. ಆಮೇಲೆ ಸಿಟ್ಟು ಬಂತು. ಸಣ್ಣ ಸಿಟ್ಟಲ್ಲ.

ಮಗ್ಗ ತಾನಾಗಿ ನಡೆದಾಗ ಈ ಹುಡುಗಿ ಅಂಜಲಿಲ್ಲ. ಮಕ್ಕಳು ಮಾಯವಾದಾಗ "ಮುಂದ?" ಎಂದು ನನ್ನ ಅಂಗಿ ಜಗ್ಗಿದವಳು. ಅವಳನ್ನು ಹೆದರಿಸಿದ್ದು ನನ್ನ ದೆವ್ವವಲ್ಲ. ತಾನು ಕತೆ ಕೇಳಿದ್ದಕ್ಕೇ ಮಾವ ಕಳೆದುಹೋದ ಎಂಬ ಭಾರವನ್ನು ವಾರವಿಡೀ ಹೊತ್ತುಕೊಂಡಿದ್ದಳು. ಹೊರಿಸಿದವರು ನಾವು, ದೊಡ್ಡವರು. ಪುಸ್ತಕದ ದೆವ್ವವನ್ನು ಎದುರಿಸಲು ಭಾಗಿಯ ಕೈಯಲ್ಲಿ ಕತ್ತರಿಯಾದರೂ ಇದೆ. ಮನೆಯ ದೆವ್ವಕ್ಕೆ ಈ ಮಗು ಏನು ಹಿಡಿಯಬೇಕು?

"ದೆವ್ವ ಬೇಡ ಸರ್, ಏನಾದರೂ ನೀತಿ ಇರಲಿ" ಎಂದು ಹೇಳುವ ಪಾಲಕರು, ಮಾಸ್ತರರು ನನಗೆ ಹೋದಲ್ಲೆಲ್ಲ ಸಿಗುತ್ತಾರೆ. ಇವರೇ ಮನೆಯಲ್ಲಿ ಊಟ ಮಾಡದ ಮಗುವಿಗೆ ಗುಮ್ಮ ಬರುತ್ತಾನೆ ಎನ್ನುವವರು! ಗುಮ್ಮನಿಗೆ ಮಾತ್ರ ಪರವಾನಗಿ ಉಂಟೇನು?

ಸೀದಾ ಹೋಗಿ ಕಪಾಟಿನ ಮೇಲಿಂದ ಪುಸ್ತಕ ಇಳಿಸಿದೆ. ಅಂಗಳದ ನಡುವೆ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕುರ್ಚಿ ಹಾಕಿದೆ.

"ಆಯಿ, ನಾ ಓದಾಂವ."

"ಹಟಾ ಮಾಡಬ್ಯಾಡೋ. ನಮ್ಮ ಮನಿಗಿ ಬಂದಾಂವ ನೀ. ದಾರ್ಯಾಗ ಏನರೆ ಆದ್ರ ನಿಮ್ಮವ್ವಗ ಏನಂತ ಹೇಳ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿ ಇತ್ತು. ನನಗೆ ಅದು ಗೊತ್ತು. ಆದರೂ ಬಿಡಲಿಲ್ಲ.

"ತಪ್ಪಾಂವ ನಾನಲ್ಲೇನ್ರಿ? ತಪ್ತೀನಿ. ಹುಡುಗಿ ಮ್ಯಾಲ ಹಾಕಬ್ಯಾಡ್ರಿ."

ಎತ್ತರದ ದನಿಯಲ್ಲಿ ಶುರು ಮಾಡಿದೆ. ಶ್ರಾವಣಿ ಎರಡೂ ಕಿವಿಗೆ ಬೆರಳಿಟ್ಟು ಬಾಗಿಲಲ್ಲಿ ನಿಂತಿದ್ದಳು. ಭಾಗಿ ಕತ್ತಲಲ್ಲಿ ಮಗ್ಗದ ಹತ್ತಿರ ಬರುವಷ್ಟರಲ್ಲಿ ಒಂದು ಬೆರಳು ಸಡಿಲವಾಯಿತು. ತಮ್ಮನ ಎರಡನೇ ಕಣ್ಣು ಚಾದರದಲ್ಲಿ ಮೂಡತೊಡಗಿದಾಗ ಅವಳು ನನ್ನ ಕುರ್ಚಿಯ ಪಕ್ಕದಲ್ಲಿದ್ದಳು. "ಕತ್ತರಸ! ಭಾಗಿ, ಲೌಕರ, ಲಗೂನ ಕತ್ತರಸ!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಜೋಳ ಹಸನು ಮಾಡುತ್ತಿದ್ದ ಆಯಿಯ ಮೊರ ನಿಂತಿತ್ತು. ಭಾಗಿ ಕತ್ತರಿಸಿದಳು. ತಮ್ಮ ಉಳಿದುಕೊಂಡ. ಮಗ್ಗ ಮಾತ್ರ ಮತ್ತೆ ನಡೆಯತೊಡಗಿತು. (ಇನ್ನೂ ಅಧ್ಯಾಯಗಳು ಬಾಕಿ ಇವೆ ಸ್ವಾಮಿ.)

ಸಂಜೆ ಶ್ರಾವಣಿ ಬಸ್ ಸ್ಟ್ಯಾಂಡಿಗೆ ಬಂದಳು. ಬೇಡವೆಂದರೂ ಕೇಳದೆ ಕಂಡಕ್ಟರನ ಬಳಿ ಹೋಗಿ, ಮಾಮಾನನ್ನು ಸೋಲಾಪುರದಲ್ಲಿ ನೆನಪಿಟ್ಟು ಇಳಿಸಬೇಕೆಂದು ಮರಾಠಿಯಲ್ಲಿ ತಾಕೀತು ಮಾಡಿದಳು. ಅವತ್ತಿನ ಬಸ್ಸು ಸೋಲಾಪುರದಿಂದ ಮುಂದೆ ಹೋಗುವುದೇ ಇಲ್ಲ. ಕಂಡಕ್ಟರ್ ಅದನ್ನು ಹೇಳದೆ ಗಂಭೀರವಾಗಿ ತಲೆಯಾಡಿಸಿದ.

ಮನೆ ಮುಟ್ಟಿ ಫೋನ್ ಮಾಡಿದೆ. ಶ್ರಾವಣಿ "ಮಾಮಾ ಮುಟ್ಟ್ಯಾನ!" ಎಂದು ಮನೆ ತುಂಬ ಕಿರುಚಿದಳು. ಹಿಂದಿನಿಂದ ಆಯಿಯ ದನಿ: "ಈ ಸಲ ಪಾರಾದ. ಮುಂದಿನ ಸಲ ನೋಡೂಣು."

ನೋಡೋಣ. ಮುಂದಿನ ಭಾನುವಾರವೂ ಹಗಲಲ್ಲೇ ಓದುತ್ತೇನೆ. ದಾರಿ ತಪ್ಪಬೇಕಾದ ಮಾವನೇ ಒಪ್ಪಿರುವಾಗ, ಹೆದರುವುದಕ್ಕೆ ನೀವ್ಯಾರು?