ಗೋಡೆ ಬುಡದ ಬೂದಿ

ಮೊನ್ನೆ ಮನೆಯಲ್ಲಿ ಹೊಸ ಅಕ್ಕಿಚೀಲ ಬಿಚ್ಚಿದಾಗ ಇಲಿಯುಚ್ಚೆಯ ಗಾಟು ಮೂಗಿಗೆ ಬಡಿಯಿತು. ಹೆಂಡತಿ ಅಂಗಡಿಯವನಿಗೆ ಬೈಯತೊಡಗಿದಳು. ನನಗೆ ಮಾತ್ರ ಗುಂಡ್ಲುಪೇಟೆಯ ಗೋಡೌನು, ಅದನ್ನು ಗುಡಿಸುತ್ತಿದ್ದ ಬೇಗೂರಿನ ಅಕ್ಕ ನೆನಪಾದರು...

ಶಾಲೆಗಳ ಬಿಸಿಯೂಟಕ್ಕೆ ಅಕ್ಕಿ ಬೇಳೆ ಕಳಿಸುವ ಗೋಡೌನು ಅದು. ಆಗ ನಾನಲ್ಲಿ ಮೇಲ್ವಿಚಾರಕ, ಅಂದರೆ ಕುರ್ಚಿ ಬಿಸಿ ಮಾಡುವವನು. ಅಕ್ಕ ಬೆಳಗಿನ ಬಸ್ಸಿಗೆ ಬರುವಾಗ ಮನೆಯ ಒಲೆಬೂದಿಯನ್ನು ಜರಡಿ ಹಿಡಿದು ತರುತ್ತಿದ್ದರು. ಸಂಜೆ ಅದನ್ನು ಗೋಡೆಯ ಬುಡಕ್ಕೆ ತೆಳ್ಳಗೆ ಉದುರಿಸಿ ಹೋಗುವರು. ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು, ಬೂದಿಯ ಮೇಲಿನ ಹೆಜ್ಜೆ ನೋಡಿ, ಇಲಿ ಎಲ್ಲಿಂದ ಬಂತು, ಯಾವ ಮೂಟೆಗೆ ಹೋಯಿತು ಎಂದು ಹೇಳುವರು.

"ಇಂದ್ಗಡ ಬಾಗ್ಲ ಕೆಳ್ಗ ಸಂದು ಅದ ಕಣಿ ಸಾ. ಒಂದು ತಗಡು ಬಡ್ಸಿ. ಮಕ್ಳು ಉಣ್ಣ ಅಕ್ಕಿ."

ನಾಳೆ ಎಂದೆ. ಹಾಗೆಯೇ ತಿಂಗಳುಗಳು ಕಳೆದವು. ಇಲಿಪಾಷಾಣ ಇಡಿಸದೆಯೇ ಇಡಿಸಿದ್ದೇನೆಂದು ಸಹಿ ಹಾಕುತ್ತಿದ್ದೆ. ಸೋಮಾರಿತನ, ಇನ್ನೇನಲ್ಲ.

ಒಂದು ದಿನ ಶಾಲೆಯೊಂದರಿಂದ ಇಲಿಹಿಕ್ಕೆ ಬೆರೆತ ಮೂಟೆಗಳು ವಾಪಸು ಬಂದವು. ಚಾಮರಾಜನಗರದಿಂದ ತಪಾಸಣೆಗೆ ಬರುತ್ತಾರೆಂದು ಫೋನು ಬಂತು. ಹಿಂಬಾಗಿಲ ಸಂದಿನಿಂದ ಮೂಟೆಗಳವರೆಗೆ ಬೂದಿಯ ಮೇಲೆ ಇಲಿಗಳ ಹೆಜ್ಜೆಯೋ ಹೆಜ್ಜೆ. ಎಲ್ಲ ಗುಡಿಸಿಬಿಡಿ ಎಂದೆ.

"ಅಳಿಸ್ಬುಟ್ರ ಇಲಿ ಬರ ದಾರಿ ಅವ್ರ್ಗ ಎಂಗ ಗೊತ್ತಾದ್ದು ಸಾ?"

ಗದರಿದೆ. ಗುಡಿಸಿದರು.

ಅಕ್ಕಿಗೆ ಇಲಿಹಿಕ್ಕೆ ಹೇಗೆ ಬಿತ್ತೆಂದು ಅಧಿಕಾರಿ ಕೇಳಿದಾಗ, ಅಕ್ಕನ ಎದುರಿಗೇ, "ಈಯಮ್ಮ ಸರಿಯಾಗಿ ಗುಡಿಸಲ್ಲ ಸಾರ್" ಎಂದೆ. ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಪೊರಕೆಯನ್ನು ಗೋಡೆಗೆ ಒರಗಿಸಿ, ಕಾಲು ತೊಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಇನ್ನು ಬರುವುದು ಬೇಡವೆಂದು ಗೋಡೌನಿನ ಮಾಲೀಕರು ಅಂದೇ ಹೇಳಿ ಕಳಿಸಿದರು. ನನ್ನ ಕೆಲಸ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ...

ನಿನ್ನೆ ಗಟ್ಟಿ ಮನಸ್ಸು ಮಾಡಿ ಬೇಗೂರಿಗೆ ಹೋದೆ, ತಪ್ಪಾಯಿತು ಎನ್ನಲು. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿದ್ದ ಗೋಡೌನಿನಲ್ಲೇ ಕೆಲಸಕ್ಕಿದ್ದವನು ಎಂದಾಗ, ಅವರ ಮಗಳು ಕಾಫಿ ಕೊಟ್ಟು, ಎದುರಿಗೆ ಕೂತಳು.

"ಅವ್ವ ಗೋಡೌನ್ ಕೆಲ್ಸ ಯಾಕ ಬುಟ್ಲು ಅಂತ ಒಂದಿನಾನೂ ಯೋಳ್ನಿಲ್ಲ. ಅಕ್ಕಿ ಕದ್ದು ಸಿಕ್ಕಾಕಂಡ್ಲು ಅಂತ ಊರ್ನೋರು ಆಡ್ಕತಾರ. ನಿಮ್ಗೇನಾರ ಗೊತ್ತಾ ಸಾ?"

"ಗೊತ್ತಿಲ್ಲಮ್ಮ" ಎಂದುಬಿಟ್ಟೆ.

ಬಸ್ಸು ಬರುವವರೆಗೂ ಅವಳು ನನ್ನ ಜೊತೆಗೇ ನಿಂತಿದ್ದಳು.